ಎಫ್-1 ನಂತರ ಎಚ್-1ಬಿ: ಸ್ಟ್ಯಾಂಪಿಂಗ್ ಸಂದರ್ಶನಕ್ಕೆ ಹಂತ ಹಂತದ ತಯಾರಿ

ಅಮೆರಿಕದಲ್ಲಿ ಎಂಎಸ್ ಮುಗಿಸಿ, ಒಪಿಟಿಯಲ್ಲಿ (ಓದು ಮುಗಿದ ಮೇಲೆ ಸೀಮಿತ ಅವಧಿಗೆ ಸಿಗುವ ಕೆಲಸದ ಅನುಮತಿ) ಕೆಲಸ ಹಿಡಿದು, ಲಾಟರಿಯಲ್ಲಿ ಹೆಸರು ಬಂದು ಉದ್ಯೋಗದ ವರ್ಗವಾದ ಎಚ್-1ಬಿಗೆ ಬದಲಾದವರ ಪಾಸ್‌ಪೋರ್ಟ್ ತೆರೆದರೆ ಒಳಗೆ ಇನ್ನೂ ಎಫ್-1 ಎಂಬ ವಿದ್ಯಾರ್ಥಿ ವೀಸಾವೇ ಅಂಟಿಕೊಂಡಿರುತ್ತದೆ. ಹಲವರದ್ದು ಅವಧಿಯೂ ಮುಗಿದಿರುತ್ತದೆ. ಅಲ್ಲೇ ಇರುವಷ್ಟು ಕಾಲ ಇದರಿಂದ ತೊಂದರೆಯೇನೂ ಇಲ್ಲ. ಅಲ್ಲಿ ಉಳಿಯುವ ಹಕ್ಕು ಸಿಗುವುದು ಪ್ರವೇಶವನ್ನೂ ಉಳಿಯಬಹುದಾದ ಅವಧಿಯನ್ನೂ ಹೇಳುವ ಐ-94 ದಾಖಲೆಯಿಂದ. ವೀಸಾ ಎಂಬುದು ಹೊರಗಿನಿಂದ ಬಂದು ಪ್ರವೇಶ ಕೇಳಲು ಬೇಕಾದ ಅನುಮತಿ ಮಾತ್ರ. ಆದರೆ ತಂಗಿಯ ಮದುವೆಗೋ ಅಜ್ಜಿಯನ್ನು ನೋಡಲೋ ಊರಿಗೆ ಬಂದಿರೋ, ಕಾನ್ಸುಲೇಟಿನ ಕಿಟಕಿಯ ಮುಂದೆ ನಿಂತು ಹೊಸ ವೀಸಾ ಪಡೆಯದೆ ಹಿಂದಿರುಗುವಂತಿಲ್ಲ. ಇದನ್ನೇ ಎಲ್ಲರೂ ಸ್ಟ್ಯಾಂಪಿಂಗ್ ಎನ್ನುವುದು.

ಎಷ್ಟೋ ಮಂದಿ ಈ ಸಂದರ್ಶನಕ್ಕೂ ಮೊದಲ ಸಲದಂತೆಯೇ ತಯಾರಾಗುತ್ತಾರೆ. ಅದು ಸರಿಯಲ್ಲ. ವಿದ್ಯಾರ್ಥಿಯಾಗಿ ಹೋದಾಗ ನೀವು ಮುಂದೆ ಏನು ಮಾಡುತ್ತೀರಿ ಎಂಬುದನ್ನು ಹೇಳಿ ನಂಬಿಸಬೇಕಿತ್ತು. ಈಗ ಅಧಿಕಾರಿ ನೋಡುವುದು ಆ ವೀಸಾದ ಮೇಲೆ ಹೋಗಿ ನೀವು ಏನು ಮಾಡಿದಿರಿ ಎಂಬುದನ್ನು. ನಿಮ್ಮ ಹಳೆಯ ಅರ್ಜಿ, ಪ್ರವೇಶದ ದಿನಾಂಕಗಳು, ವಿದ್ಯಾರ್ಥಿ ದಾಖಲೆ, ಕಂಪನಿ ಸಲ್ಲಿಸಿದ ಅರ್ಜಿ, ಇವೆಲ್ಲ ಅವರ ಕೈಗೆಟುಕುವಲ್ಲೇ ಇವೆ. ಹಾಗಾಗಿ ಉತ್ತರಗಳನ್ನು ಉರುಹೊಡೆಯುವುದಕ್ಕಿಂತ ದಾಖಲೆಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡಿಕೊಳ್ಳುವುದೇ ಇಲ್ಲಿನ ಮುಖ್ಯ ಕೆಲಸ.

ಹಂತ 1: ಪಹಣಿಯನ್ನು ಮನೆಯಲ್ಲೇ ಬಿಡಿ

ಮೊದಲ ಸಲ ಅಪ್ಪನ ಜಮೀನಿನ ಪಹಣಿ, ಬ್ಯಾಂಕಿನ ಠೇವಣಿ ಪತ್ರ, ಶೈಕ್ಷಣಿಕ ಸಾಲದ ಮಂಜೂರಾತಿ, ಸಿಎ ಬರೆದುಕೊಟ್ಟ ಆಸ್ತಿ ಪ್ರಮಾಣಪತ್ರ ಎಲ್ಲವನ್ನೂ ಹೊತ್ತುಕೊಂಡು ಹೋಗಿದ್ದಿರಿ. ಎಫ್-1 ವೀಸಾದ ಕಾನೂನು, ಓದು ಮುಗಿದ ಮೇಲೆ ಊರಿಗೆ ಮರಳುವ ಉದ್ದೇಶ ಇರಬೇಕು ಎನ್ನುತ್ತದೆ. ಅದನ್ನು ತೋರಿಸಲಾಗದವರನ್ನು 214(ಬಿ) ಕಲಮಿನಡಿ ತಿರಸ್ಕರಿಸುತ್ತಾರೆ.

ಎಚ್-1ಬಿಗೆ ಈ ಕಟ್ಟುಪಾಡು ಇಲ್ಲ. 1990ರ ವಲಸೆ ಕಾಯ್ದೆಯ ನಂತರ ಈ ವೀಸಾದಲ್ಲಿರುವವರು ತಾತ್ಕಾಲಿಕವಾಗಿ ಕೆಲಸ ಮಾಡುತ್ತಲೇ ಗ್ರೀನ್ ಕಾರ್ಡಿಗೂ ಪ್ರಯತ್ನಿಸಬಹುದು. ಆದ್ದರಿಂದ "ನಿಮ್ಮ ಕಂಪನಿ ಗ್ರೀನ್ ಕಾರ್ಡ್ ಪ್ರಕ್ರಿಯೆ ಆರಂಭಿಸಿದೆಯೇ?" ಎಂದು ಕೇಳಿದರೆ ಬೆಚ್ಚಬೇಡಿ. ಆರಂಭಿಸಿದ್ದರೆ ಹೌದು ಎನ್ನಿ. ಹಳೆಯ ಅಭ್ಯಾಸದಿಂದ "ಇಲ್ಲ ಸರ್, ನಾನು ಊರಿಗೇ ಮರಳುತ್ತೇನೆ" ಎಂದು ಸುಳ್ಳು ಸೇರಿಸಿದರೆ ಇಲ್ಲದ ಸಮಸ್ಯೆಯನ್ನು ನೀವೇ ಹುಟ್ಟುಹಾಕಿದಂತೆ.

ಹಂತ 2: ವಿಮಾನದ ಟಿಕೆಟಿಗೆ ಮೊದಲು ನೋಡಬೇಕಾದವು

ಮೊದಲು ಐ-797 ಒಪ್ಪಿಗೆ ಪತ್ರ ತೆಗೆದು ನೋಡಿ. ಐ-797ಎ ಆಗಿದ್ದರೆ ಕೆಳಭಾಗದಲ್ಲಿ ಹೊಸ ಐ-94 ಇರುತ್ತದೆ. ಅಂದರೆ ನಿಮ್ಮ ಸ್ಥಾನಮಾನ ಅಮೆರಿಕದ ಒಳಗೇ ಎಫ್-1ನಿಂದ ಎಚ್-1ಬಿಗೆ ಬದಲಾಗಿದೆ. ಐ-797ಬಿ ಆಗಿದ್ದರೆ ಬದಲಾಗಿಲ್ಲ; ಹೊರಗೆ ಹೋಗಿ ವೀಸಾ ಪಡೆದು ಬಂದರಷ್ಟೇ ಎಚ್-1ಬಿ.

ಈ ಒಂದಕ್ಷರದ ಬೆಲೆ ಈಗ ಬಹಳ ಹೆಚ್ಚಾಗಿದೆ. 2025ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಅಧ್ಯಕ್ಷರ ಘೋಷಣೆಯ ಪ್ರಕಾರ, ಹೊರದೇಶದಲ್ಲಿರುವವರಿಗಾಗಿ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕು. ಅದೇ ವರ್ಷ ಅಕ್ಟೋಬರ್ 20ರಂದು ವಲಸೆ ಇಲಾಖೆ ಕೊಟ್ಟ ವಿವರಣೆಯಲ್ಲಿ, ದೇಶದೊಳಗೆ ಸ್ಥಾನಮಾನ ಬದಲಾವಣೆ ಮಂಜೂರಾದವರು ಆಮೇಲೆ ಹೊರಗೆ ಹೋಗಿ ಅದೇ ಅರ್ಜಿಯ ಮೇಲೆ ವೀಸಾ ಪಡೆದು ಮರಳಿದರೆ ಈ ಹಣ ಅನ್ವಯಿಸುವುದಿಲ್ಲ ಎಂದು ಸ್ಪಷ್ಟವಾಯಿತು. ಆದರೆ ಬದಲಾವಣೆಯ ಕೋರಿಕೆ ಇನ್ನೂ ಇತ್ಯರ್ಥವಾಗದೆ ಇರುವಾಗಲೇ ದೇಶ ಬಿಟ್ಟರೆ ಆ ಕೋರಿಕೆಯನ್ನು ಕೈಬಿಟ್ಟಂತೆ, ಹಣದ ಹೊರೆಯೂ ಬಂದು ಕೂರಬಹುದು. ಅಂತಹ ಸ್ಥಿತಿಯಲ್ಲಿ ಮನೆಯಲ್ಲಿ ಯಾವ ಮುಹೂರ್ತ ಇಟ್ಟಿದ್ದರೂ, ಕಂಪನಿಯ ವಕೀಲರು ಬರಹದಲ್ಲಿ ಒಪ್ಪುವ ತನಕ ಹೊರಡಬೇಡಿ.

ಎರಡನೆಯದು ಸಮಯ. ಮೊದಲು ವೀಸಾ ಇದ್ದವರು ಪಾಸ್‌ಪೋರ್ಟನ್ನು ಡ್ರಾಪ್‌ಬಾಕ್ಸ್‌ಗೆ ಹಾಕಿ ಸಂದರ್ಶನ ತಪ್ಪಿಸಿಕೊಳ್ಳುತ್ತಿದ್ದರು. 2025ರ ಸೆಪ್ಟೆಂಬರ್ 2ರಿಂದ ಎಚ್-1ಬಿ ಅರ್ಜಿದಾರರೆಲ್ಲರಿಗೂ ಆ ದಾರಿ ಮುಚ್ಚಿದೆ. ಅದೇ ತಿಂಗಳಿಂದ, ಪೌರತ್ವವಿರುವ ಅಥವಾ ವಾಸವಿರುವ ದೇಶದಲ್ಲೇ ಸಂದರ್ಶನ ಕೊಡಬೇಕೆಂಬ ನಿಯಮ ಬಂದಿದೆ. ಮೆಕ್ಸಿಕೊದಲ್ಲೋ ಸಿಂಗಪುರದಲ್ಲೋ ಮುಗಿಸಿಕೊಂಡು ಬರುವ ಹಳೆಯ ಜಾಣತನ ನಡೆಯುವುದಿಲ್ಲ. ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಅವರ ಕುಟುಂಬದವರಿಗೆ ಸಿಗುವ ಎಚ್-4 ವೀಸಾ ಅರ್ಜಿದಾರರ ಸಾಮಾಜಿಕ ಜಾಲತಾಣಗಳ ಪರಿಶೀಲನೆ ಶುರುವಾದಾಗ ಭಾರತದಲ್ಲಿ ಅನೇಕರ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ಮೂರು ವಾರದ ರಜೆಗೆಂದು ಬಂದವರು ಇಲ್ಲೇ ಸಿಕ್ಕಿಕೊಂಡರು. ಆದ್ದರಿಂದ ಹೊರಡುವ ಮೊದಲೇ ವ್ಯವಸ್ಥಾಪಕರನ್ನೂ ಎಚ್‌ಆರ್ ವಿಭಾಗವನ್ನೂ ಕೇಳಿ: ತಡವಾದರೆ ಭಾರತದಿಂದ ಕೆಲಸ ಮಾಡಬಹುದೇ, ಎಷ್ಟು ದಿನ, ಕಂಪನಿಯ ಲ್ಯಾಪ್‌ಟಾಪ್ ತರಬಹುದೇ? ತೆರಿಗೆ ಮತ್ತು ದತ್ತಾಂಶ ಸುರಕ್ಷತೆಯ ಕಾರಣಕ್ಕೆ ಕೆಲವು ಕಂಪನಿಗಳು ಒಪ್ಪುವುದೇ ಇಲ್ಲ. ಬಾಡಿಗೆ ಮನೆ, ಕಾರಿನ ಕಂತು, ಇವೆಲ್ಲಕ್ಕೂ ಒಂದಿಷ್ಟು ಹಣ ಮೀಸಲಿರಲಿ.

ಮೂರನೆಯದು ಪಾಸ್‌ಪೋರ್ಟಿನ ಅವಧಿ. ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಮೊದಲು ನವೀಕರಿಸಿ. ಕಾರಣ ಕೊನೆಯ ಹಂತದಲ್ಲಿದೆ.

ಅಂದ ಹಾಗೆ, ಟೊರಾಂಟೊದಲ್ಲಿ ನಾಲ್ಕು ದಿನದ ಸಮ್ಮೇಳನಕ್ಕೆ ಹೋಗಿ ಬರಲು ಸ್ಟ್ಯಾಂಪಿಂಗ್ ಬೇಕಿಲ್ಲ. ಕೆನಡಾ ಅಥವಾ ಮೆಕ್ಸಿಕೊಗೆ 30 ದಿನದೊಳಗಿನ ಪ್ರವಾಸಕ್ಕೆ, ಊರ್ಜಿತ ಐ-94 ಇದ್ದರೆ, ಅವಧಿ ಮುಗಿದ ಎಫ್-1 ವೀಸಾದ ಮೇಲೂ ಮರಳಲು ನಿಯಮದಲ್ಲಿ ಅವಕಾಶವಿದೆ. ಅಲ್ಲಿದ್ದಾಗ ಅಮೆರಿಕದ ವೀಸಾಗೆ ಅರ್ಜಿ ಹಾಕಿರಬಾರದು ಎಂಬುದು ಶರತ್ತು.

ಹಂತ 3: ನಿಮ್ಮ ವರ್ಷಗಳನ್ನು ಒಂದು ಹಾಳೆಗೆ ಇಳಿಸಿ

ಇಡೀ ತಯಾರಿಯಲ್ಲಿ ಇದಕ್ಕಿಂತ ಉಪಯುಕ್ತವಾದ ಕೆಲಸ ಇನ್ನೊಂದಿಲ್ಲ, ಮತ್ತು ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಒಂದು ಹಾಳೆಯಲ್ಲಿ ಮೊದಲ ಪ್ರವೇಶದಿಂದ ಇಂದಿನವರೆಗೆ ದಿನಾಂಕ ಹಾಕಿ ಬರೆಯಿರಿ. ಉದಾಹರಣೆಗೆ ದಾವಣಗೆರೆಯಲ್ಲಿ ಬಿಇ ಮುಗಿಸಿ ಟೆಕ್ಸಾಸಿಗೆ ಹೋದ ಒಬ್ಬರನ್ನು ಊಹಿಸಿಕೊಳ್ಳಿ:

2020 ಆಗಸ್ಟ್: ಎಫ್-1 ಮೇಲೆ ಪ್ರವೇಶ.
2022 ಮೇ: ಎಂಎಸ್ ಮುಕ್ತಾಯ.
2022 ಜುಲೈ: ಒಪಿಟಿ ಕಾರ್ಡ್ ಆರಂಭ.
2022 ಸೆಪ್ಟೆಂಬರ್: ಮೊದಲ ಕೆಲಸ.
2023 ಜುಲೈ: ಸ್ಟೆಮ್ ವಿಸ್ತರಣೆ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಒಪಿಟಿ ವಿಸ್ತರಣೆ), 24 ತಿಂಗಳು.
2024 ಅಕ್ಟೋಬರ್ 1: ಎಚ್-1ಬಿ ಆರಂಭ.

ಈಗ ಬಿಡುವುಗಳನ್ನು ಹುಡುಕಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಕೆಲಸವಿರಲಿಲ್ಲ. ಮೊದಲ ಒಪಿಟಿಯಲ್ಲಿ ಕೆಲಸವಿಲ್ಲದೆ ಇರಬಹುದಾದದ್ದು ಒಟ್ಟು 90 ದಿನ. ಸ್ಟೆಮ್ ವಿಸ್ತರಣೆ ಸಿಕ್ಕರೆ ಇನ್ನೂ 60 ಸೇರಿ ಒಟ್ಟು 150. ಇವರದು ಮಿತಿಯೊಳಗಿದೆ, ಸರಿ. ನಡುವೆ ಕಂಪನಿ ಬದಲಿಸಿದ್ದರೆ ಹೊಸ ಐ-983 ತರಬೇತಿ ಯೋಜನೆ ಸಲ್ಲಿಸಿದ್ದಿರಾ, ವಿಶ್ವವಿದ್ಯಾಲಯಕ್ಕೆ ತಿಳಿಸಿದ್ದಿರಾ? ವಿಳಾಸ ಬದಲಾವಣೆ ದಾಖಲಾಗಿದೆಯೇ? ಪ್ರತಿ ಸಾಲಿನ ಎದುರಿಗೂ ಅದನ್ನು ಸಾಬೀತು ಮಾಡುವ ಕಾಗದ ಯಾವುದೆಂದು ಬರೆಯಿರಿ: ಐ-20 (ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ದಾಖಲೆ), ಒಪಿಟಿ ಕಾರ್ಡ್, ನೇಮಕಾತಿ ಪತ್ರ, ಸಂಬಳದ ಚೀಟಿ, ಡಬ್ಲ್ಯು-2 (ಕಂಪನಿ ಕೊಡುವ ವರ್ಷದ ಸಂಬಳ, ತೆರಿಗೆಯ ಪತ್ರ).

ಲಾಟರಿಯಲ್ಲಿ ಹೆಸರು ಬರದೆ, ಸೇರಿದ ದಿನವೇ ಕೆಲಸಕ್ಕೆ ಅನುಮತಿ ಕೊಡುವ ಕಾಲೇಜಿಗೆ ಎರಡನೇ ಪದವಿಗೆಂದು ದಾಖಲಾದವರು ಈ ಹಾಳೆಯ ಮೇಲೆ ಇನ್ನಷ್ಟು ಹೊತ್ತು ಕೂರಬೇಕು. 'ಡೇ-1 ಸಿಪಿಟಿ' ಎಂಬ ಈ ವ್ಯವಸ್ಥೆ ಕಂಡರೆ ಅಧಿಕಾರಿಗಳ ಹುಬ್ಬು ಮೇಲೇರುತ್ತದೆ. ತರಗತಿಗೆ ನಿಜವಾಗಿ ಹೋಗಿದ್ದಿರಾ, ಕಾಲೇಜು ಒಂದು ರಾಜ್ಯದಲ್ಲಿ, ಕೆಲಸ ಇನ್ನೊಂದರಲ್ಲಿದ್ದರೆ ಓಡಾಡಿದ್ದು ಹೇಗೆ, ಆ ಕೆಲಸಕ್ಕೂ ಪಠ್ಯಕ್ಕೂ ಏನು ಸಂಬಂಧ ಎಂದು ಕೇಳಬಹುದು. ಅಂಕಪಟ್ಟಿ, ಶುಲ್ಕದ ರಸೀದಿ, ಪ್ರಯಾಣದ ಪುರಾವೆ ಇಟ್ಟುಕೊಳ್ಳಿ.

ಕೆಲಸ ಸಿಗದ ದಿನಗಳ ಲೆಕ್ಕ ನಿಲ್ಲಿಸಲು ಹೆಸರಿಗಷ್ಟೇ ಒಂದು ಕಂಪನಿ ತೋರಿಸಿದವರಿದ್ದಾರೆ. ಅಂಥವರಿಗೆ ಈ ಬರಹ ಸಾಲದು. ಪ್ರಯಾಣಕ್ಕೆ ಮೊದಲೇ ಸ್ವಂತ ವಲಸೆ ವಕೀಲರನ್ನು ಕಾಣಬೇಕು, ಕಂಪನಿಯ ವಕೀಲರನ್ನಲ್ಲ. ಉದ್ದೇಶಪೂರ್ವಕ ತಪ್ಪು ಮಾಹಿತಿ ಎಂದು ತೀರ್ಮಾನವಾದರೆ ಅಮೆರಿಕದ ಬಾಗಿಲು ಜೀವನಪರ್ಯಂತ ಮುಚ್ಚುವ ಕಲಮು ಕಾನೂನಿನಲ್ಲಿದೆ.

ತೆರಿಗೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಎಫ್-1 ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆಯ ಲೆಕ್ಕದಲ್ಲಿ ಅನಿವಾಸಿಗಳು. ಅವರು ಸಲ್ಲಿಸಬೇಕಾದದ್ದು 1040-ಎನ್‌ಆರ್ ನಮೂನೆ. ಮೊಬೈಲಿನಲ್ಲಿ ಸಿಕ್ಕ ಯಾವುದೋ ತಂತ್ರಾಂಶ ಬಳಸಿ ನಿವಾಸಿಗಳ 1040 ಸಲ್ಲಿಸಿದವರು ಲೆಕ್ಕವಿಲ್ಲದಷ್ಟಿದ್ದಾರೆ. ಹಾಗೇನಾದರೂ ಆಗಿದ್ದರೆ ತಿದ್ದುಪಡಿ ನಮೂನೆ ಸಲ್ಲಿಸಿ ಪ್ರತಿ ಇಟ್ಟುಕೊಳ್ಳಿ. ಸಂಬಳದ ಚೀಟಿಯಲ್ಲೂ ಒಂದು ಗುರುತಿದೆ: ಅನಿವಾಸಿ ವಿದ್ಯಾರ್ಥಿಯಾಗಿದ್ದಾಗ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ) ಮತ್ತು ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ಕಡಿತ ಇರುವುದಿಲ್ಲ, ಎಚ್-1ಬಿ ಆದ ದಿನದಿಂದ 6.2 ಮತ್ತು 1.45 ಪ್ರತಿಶತ ಕಡಿತ ಶುರುವಾಗಬೇಕು. ಅಕ್ಟೋಬರ್ ಚೀಟಿಯಲ್ಲಿ ಅದು ಕಾಣದಿದ್ದರೆ ವೇತನ ವಿಭಾಗಕ್ಕೆ ಹೇಳಿ ಸರಿಪಡಿಸಿಕೊಳ್ಳಿ.

ಹಂತ 4: ಕಂಪನಿ ನಿಮ್ಮ ಬಗ್ಗೆ ಏನು ಬರೆದಿದೆ, ಓದಿ

ಎಚ್-1ಬಿಗೆ ಅರ್ಜಿದಾರರು ನೀವಲ್ಲ, ನಿಮ್ಮ ಕಂಪನಿ. ಐ-129 ಅರ್ಜಿ, ಅದರ ಜೊತೆಗಿನ ಬೆಂಬಲ ಪತ್ರ, ಕಾರ್ಮಿಕ ಇಲಾಖೆಯ ಎಲ್‌ಸಿಎ (ವೇತನ, ಕೆಲಸದ ಸ್ಥಳ ಹೇಳುವ ದಾಖಲೆ), ಇವುಗಳ ಪ್ರತಿ ಕೇಳಿ ಪಡೆಯಿರಿ. ಎಲ್‌ಸಿಎ ಪ್ರತಿಯನ್ನಂತೂ ನಿಮಗೆ ಕೊಡುವುದು ಅವರ ಕರ್ತವ್ಯ.

ಪಡೆದು ಚೀಲದಲ್ಲಿಟ್ಟರೆ ಸಾಲದು, ಪರೀಕ್ಷೆಯ ಹಿಂದಿನ ದಿನದಂತೆ ಓದಬೇಕು. ಹುದ್ದೆಯ ಹೆಸರು ಏನೆಂದಿದೆ? ಕೆಲಸದ ವಿವರಣೆಯಲ್ಲಿ ನೀವು ಎಂದೂ ಮುಟ್ಟದ ತಂತ್ರಜ್ಞಾನ ಇದೆಯೇ? ವೇತನ ಎಷ್ಟು, ನಿಮ್ಮ ಚೀಟಿಯಲ್ಲಿ ಬರುತ್ತಿರುವುದು ಅದಕ್ಕಿಂತ ಕಡಿಮೆಯೇ? ಕೆಲಸವಿಲ್ಲದೆ 'ಬೆಂಚ್' ಮೇಲೆ ಕೂರಿಸಿದಾಗಲೂ ಎಚ್-1ಬಿ ನೌಕರರಿಗೆ ಪೂರ್ತಿ ವೇತನ ಕೊಡಬೇಕೆಂಬುದು ಕಾನೂನು. ಚೀಟಿಯಲ್ಲಿ ಖಾಲಿ ತಿಂಗಳುಗಳಿದ್ದರೆ ತಪ್ಪು ಕಂಪನಿಯದ್ದಾದರೂ ಕಿಟಕಿಯ ಮುಂದೆ ಉತ್ತರಿಸಬೇಕಾದವರು ನೀವು. ಕೆಲಸದ ಸ್ಥಳವಂತೂ ಬಹಳ ಮುಖ್ಯ. ಅರ್ಜಿಯಲ್ಲಿ ಡಲ್ಲಾಸ್ ಎಂದಿದ್ದು ನೀವು ಮನೆಯಿಂದ ಕೆಲಸ ಮಾಡುವ ನೆಪದಲ್ಲಿ ಸಿಯಾಟಲ್‌ಗೆ ಹೋಗಿ ನೆಲೆಸಿದ್ದರೆ ಕಂಪನಿ ತಿದ್ದುಪಡಿ ಅರ್ಜಿ ಸಲ್ಲಿಸಿರಬೇಕು. ಸಲ್ಲಿಸಿರದಿದ್ದರೆ ಸಂದರ್ಶನಕ್ಕೆ ಮೊದಲು ಅದು ಮುಗಿಯಲಿ.

ಕನ್ಸಲ್ಟೆನ್ಸಿಯ ಮೂಲಕ ಬೇರೆ ಕಂಪನಿಯಲ್ಲಿ ಕೆಲಸ ಮಾಡುವವರು ಆ ಗ್ರಾಹಕ ಕಂಪನಿಯಿಂದ ಪತ್ರ ಪಡೆಯಬೇಕು: ಯೋಜನೆ ಯಾವುದು, ಎಲ್ಲಿಯವರೆಗೆ, ಮೇಲ್ವಿಚಾರಣೆ ಯಾರದ್ದು. ಪತ್ರ ಕೊಡಲು ಒಪ್ಪದ ದೊಡ್ಡ ಕಂಪನಿಗಳೂ ಇವೆ. ಆಗ ಕೆಲಸದ ಆದೇಶದ ಪ್ರತಿ, ಗುರುತಿನ ಚೀಟಿ, ಅಲ್ಲಿನ ವ್ಯವಸ್ಥಾಪಕರ ಇಮೇಲ್, ಇಂಥವನ್ನು ಒಟ್ಟುಮಾಡಿ.

ಹಂತ 5: ಡಿಎಸ್-160 ತುಂಬುವುದು

ಡಿಎಸ್-160 ಎಂದರೆ ಆನ್‌ಲೈನ್ ವೀಸಾ ಅರ್ಜಿ. ಪುಟ ಸುಮ್ಮನೆ ಬಿಟ್ಟರೆ ಸುಮಾರು 20 ನಿಮಿಷಕ್ಕೆ ಮುಚ್ಚಿಹೋಗುತ್ತದೆ. ಅರ್ಜಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಪಕ್ಕದಲ್ಲಿ ಹಂತ 3ರ ಹಾಳೆ ಇರಲಿ. ಸಾಧ್ಯವಾದರೆ ವಿದ್ಯಾರ್ಥಿ ವೀಸಾಗೆ ತುಂಬಿದ ಹಳೆಯ ಡಿಎಸ್-160ರ ಪ್ರತಿಯನ್ನು ಹಳೆಯ ಇಮೇಲಿನಲ್ಲಿ ಹುಡುಕಿ ತೆಗೆಯಿರಿ.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ವಿಶೇಷ ತಲೆನೋವು. ಊರಿನ ಹೆಸರು, ಅಪ್ಪನ ಹೆಸರು, ಒಂದೆರಡು ಇನಿಷಿಯಲ್ ಎಂದು ಬೆಳೆದವರ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿಯಿರುವುದುಂಟು. ಆಗ ಇಡೀ ಹೆಸರು ಅಡ್ಡಹೆಸರಿನ ಅಂಕಣಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಬ್ಯಾಂಕಿನಲ್ಲಿ, ಚಾಲನಾ ಪರವಾನಗಿಯಲ್ಲಿ, ಸಂಬಳದ ಚೀಟಿಯಲ್ಲಿ ಈ ಹೆಸರು ಬಗೆಬಗೆಯಾಗಿ ಒಡೆದಿರುತ್ತದೆ. ಡಿಎಸ್-160ರಲ್ಲಿ ಪಾಸ್‌ಪೋರ್ಟಿನಂತೆಯೇ ತುಂಬಿ. ಐ-797ರಲ್ಲಿ ಬೇರೆಯಾಗಿದ್ದರೆ ವಕೀಲರಿಗೆ ಹೇಳಿ ಮೊದಲೇ ತಿದ್ದಿಸಿ. ಓದಿನ ನಡುವೆ ಅಡ್ಡಹೆಸರು ಸೇರಿಸಿ ಹೊಸ ಪಾಸ್‌ಪೋರ್ಟ್ ಮಾಡಿಸಿದ್ದರೆ ಹಳೆಯ ಹೆಸರನ್ನೂ ಅರ್ಜಿಯಲ್ಲಿ ನಮೂದಿಸಬೇಕು.

"ಹಿಂದೆ ವೀಸಾ ನಿರಾಕರಣೆಯಾಗಿದೆಯೇ?" ಎಂಬ ಪ್ರಶ್ನೆಯನ್ನು ಓದಿ ಉತ್ತರಿಸಿ. ಎಷ್ಟೋ ವಿದ್ಯಾರ್ಥಿಗಳಿಗೆ ಮೊದಲ ಸಲ 214(ಬಿ) ಆಗಿ ಎರಡನೇ ಸಲ ಸಿಕ್ಕಿರುತ್ತದೆ. ಕೊನೆಗೆ ಸಿಕ್ಕಿತಲ್ಲ ಎಂದು 'ಇಲ್ಲ' ಎನ್ನುವಂತಿಲ್ಲ. ಬಂಧನದ ಪ್ರಶ್ನೆಯೂ ಹೀಗೆಯೇ: ಕುಡಿದು ಕಾರು ಓಡಿಸಿ ಬಂಧನವಾಗಿ ಪ್ರಕರಣ ವಜಾ ಆಗಿದ್ದರೂ 'ಹೌದು'. ನ್ಯಾಯಾಲಯದ ಅಂತಿಮ ಆದೇಶದ ದೃಢೀಕೃತ ಪ್ರತಿ ಜೊತೆಗಿರಲಿ, ನಿಗದಿತ ವೈದ್ಯರ ಬಳಿ ಪರೀಕ್ಷೆಗೆ ಕಳುಹಿಸುವ ಸಾಧ್ಯತೆಗೂ ಸಿದ್ಧರಾಗಿರಿ. ಬರೀ ವೇಗದ ದಂಡದ ಚೀಟಿ ಬಂಧನವಲ್ಲ.

ಕಳೆದ ಐದು ವರ್ಷದ ಸಾಮಾಜಿಕ ಜಾಲತಾಣದ ಖಾತೆಗಳನ್ನು ಕೇಳುತ್ತಾರೆ, ಅವನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಲೂ ಹೇಳುತ್ತಾರೆ. ಜನ ರಾಜಕೀಯದ ಪೋಸ್ಟುಗಳ ಬಗ್ಗೆ ಹೆದರುತ್ತಾರೆ; ನನ್ನ ದೃಷ್ಟಿಯಲ್ಲಿ ಎಫ್-1 ಹಿನ್ನೆಲೆಯವರು ಮೊದಲು ನೋಡಿಕೊಳ್ಳಬೇಕಾದದ್ದು ಲಿಂಕ್ಡ್‌ಇನ್. ಒಪಿಟಿ ಕಾರ್ಡ್ ಬರುವ ಮೊದಲೇ ಕೆಲಸ ಆರಂಭವಾದಂತೆ ಕಾಣುವ ತಿಂಗಳು, ಅರ್ಜಿಯಲ್ಲಿಲ್ಲದ ದೊಡ್ಡ ಹುದ್ದೆ, 'ಸ್ಥಾಪಕ' ಎಂದು ಹಾಕಿಕೊಂಡ ಸ್ನೇಹಿತರ ಸ್ಟಾರ್ಟ್‌ಅಪ್, ಇವು ಅನುಮತಿಯಿಲ್ಲದ ಕೆಲಸದಂತೆ ಓದಿಸಿಕೊಳ್ಳುತ್ತವೆ. ತಪ್ಪಿದ್ದರೆ ಸತ್ಯಕ್ಕೆ ತಕ್ಕಂತೆ ತಿದ್ದಿ. ಸಂದರ್ಶನದ ಹಿಂದಿನ ವಾರ ಖಾತೆಯನ್ನೇ ಅಳಿಸಿಹಾಕುವುದು ಒಳ್ಳೆಯ ಉಪಾಯವಲ್ಲ.

ಫೋಟೊ 2 ಇಂಚು ಚೌಕ, ಆರು ತಿಂಗಳೊಳಗಿನದ್ದು, ಕನ್ನಡಕವಿಲ್ಲದೆ.

ಹಂತ 6: ಶುಲ್ಕ, ಸ್ಲಾಟ್

ಅರ್ಜಿ ಶುಲ್ಕ 205 ಡಾಲರ್, ಹಿಂದಿರುಗುವುದಿಲ್ಲ. ವೀಸಾ ಸಂದರ್ಶನ ನಡೆಯುವುದು ದೆಹಲಿ, ಮುಂಬಯಿ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ಅದು ವೀಸಾ ಸೇವೆಯಿಲ್ಲದೆಯೇ ಶುರುವಾಯಿತು. ಹಾಗಾಗಿ ನಮ್ಮವರ ದಾರಿ ಸಾಮಾನ್ಯವಾಗಿ ಚೆನ್ನೈಗೆ. ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ ಹೈದರಾಬಾದ್ ಹತ್ತಿರ. ಯಾವ ರಾಜ್ಯದವರಾದರೂ ಐದರಲ್ಲಿ ಎಲ್ಲಿ ಬೇಕಾದರೂ ಕಾಯ್ದಿರಿಸಬಹುದು.

ಎರಡು ಭೇಟಿಗಳಿರುತ್ತವೆ: ಮೊದಲು ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಮತ್ತು ಫೋಟೊ, ನಂತರ ಕಾನ್ಸುಲೇಟಿನಲ್ಲಿ ಸಂದರ್ಶನ. ಕಾಯ್ದಿರಿಸುವಾಗ ಕೊಟ್ಟ ಡಿಎಸ್-160 ಸಂಖ್ಯೆಯೂ ಒಯ್ಯುವ ದೃಢೀಕರಣ ಪುಟದ ಸಂಖ್ಯೆಯೂ ಒಂದೇ ಆಗಿರಬೇಕು. ಸ್ಲಾಟ್ ಹಿಡಿದುಕೊಡುತ್ತೇವೆಂದು ಟೆಲಿಗ್ರಾಂ ಗುಂಪುಗಳಲ್ಲಿ ಸುತ್ತುವ ಮಧ್ಯವರ್ತಿಗಳಿಗೆ ಪಾಸ್‌ವರ್ಡ್ ಕೊಡಬೇಡಿ. ಬಾಟ್ ಬಳಸಿ ಹಿಡಿದಿದ್ದ ಸುಮಾರು 2,000 ಕಾಯ್ದಿರಿಸುವಿಕೆಗಳನ್ನು ಅಮೆರಿಕದ ರಾಯಭಾರ ಕಚೇರಿ 2025ರ ಮಾರ್ಚಿನಲ್ಲಿ ಒಟ್ಟಿಗೆ ರದ್ದು ಮಾಡಿತ್ತು.

ಹೈದರಾಬಾದಿಗೆ ಹೋದವರು ಚಿಲ್ಕೂರಿನ ಬಾಲಾಜಿಯನ್ನು ನೋಡದೆ ಬರುವುದು ಕಡಿಮೆ: ಬೇಡಿಕೊಳ್ಳುವಾಗ 11 ಸುತ್ತು, ಈಡೇರಿದ ಮೇಲೆ 108. ಅಡ್ಡಿಯಿಲ್ಲ, ಸುತ್ತುತ್ತಾ ಎಲ್‌ಸಿಎಯಲ್ಲಿರುವ ವೇತನವನ್ನು ನೆನಪಿಸಿಕೊಳ್ಳಿ.

ಹಂತ 7: ಕಡತ

ಮೇಲ್ಗಡೆ ಪಾಸ್‌ಪೋರ್ಟ್, ಎಫ್-1 ವೀಸಾ ಇರುವ ಹಳೆಯ ಪಾಸ್‌ಪೋರ್ಟ್, ಡಿಎಸ್-160 ಪುಟ, ಸಂದರ್ಶನದ ಪತ್ರ, ಐ-797. ಅದರ ಕೆಳಗೆ ಕಂಪನಿಯ ಇತ್ತೀಚಿನ ಉದ್ಯೋಗ ದೃಢೀಕರಣ ಪತ್ರ, ಕೊನೆಯ ಆರು ತಿಂಗಳ ಸಂಬಳದ ಚೀಟಿ, ಎಲ್ಲ ವರ್ಷಗಳ ಡಬ್ಲ್ಯು-2 ಮತ್ತು ತೆರಿಗೆ ಪ್ರತಿ, ಐ-129 ಮತ್ತು ಎಲ್‌ಸಿಎ. ಆಮೇಲೆ ವಿದ್ಯಾರ್ಥಿ ಕಾಲದ್ದು: ಎಲ್ಲ ಐ-20ಗಳು, ಒಪಿಟಿ ಕಾರ್ಡುಗಳು, ಎಂಎಸ್ ಮತ್ತು ಬಿಇ ಪದವಿ ಪತ್ರ, ಅಂಕಪಟ್ಟಿ. ಅಧಿಕಾರಿ ಇದರಲ್ಲಿ ಒಂದನ್ನೂ ಕೇಳದೆ ಇರಬಹುದು. ಕೇಳಿದಾಗ ಐದು ಸೆಕೆಂಡಿನಲ್ಲಿ ಕೊಡಲು ಬರಬೇಕು, ಅಷ್ಟೇ. ಕೇಳದ ಕಾಗದವನ್ನು ಕಿಟಕಿಯೊಳಗೆ ತಳ್ಳಬೇಡಿ.

ಹಂತ 8: ಪ್ರಶ್ನೆಗಳು

ಸಂದರ್ಶನ ನಡೆಯುವುದು ಕೆಲವೇ ನಿಮಿಷ. ಯಾವ ಕಂಪನಿ, ಅದೇನು ಮಾಡುತ್ತದೆ, ನಿಮ್ಮ ಕೆಲಸವೇನು, ವೇತನ ಎಷ್ಟು, ಎಲ್ಲಿ ಕೂತು ಕೆಲಸ ಮಾಡುತ್ತೀರಿ, ಎಲ್ಲಿ ಓದಿದಿರಿ, ಓದು ಮುಗಿದ ಮೇಲೆ ಏನು ಮಾಡಿದಿರಿ. ಇವು ಕಷ್ಟದ ಪ್ರಶ್ನೆಗಳಲ್ಲ. ಕಷ್ಟವಾಗುವುದು ನಾವು ಉತ್ತರ ಕೊಡುವ ಬಗೆಯಿಂದ.

"ನಿಮ್ಮ ಕೆಲಸವೇನು?" ಎಂದಾಗ ಹೆಚ್ಚಿನವರು ತಂತ್ರಾಂಶ ಭಾಷೆಗಳ ಪಟ್ಟಿ ಓದುತ್ತಾರೆ. ಗಾಜಿನ ಆಚೆ ಇರುವವರು ಎಂಜಿನಿಯರ್ ಅಲ್ಲದಿರಬಹುದು. "ಆಸ್ಪತ್ರೆಗಳು ವಿಮಾ ಕಂಪನಿಗೆ ಕಳುಹಿಸುವ ಬಿಲ್ಲುಗಳಲ್ಲಿ ತಪ್ಪು ಹುಡುಕುವ ತಂತ್ರಾಂಶ ಬರೆಯುತ್ತೇನೆ. ನಮ್ಮ ತಂಡದಲ್ಲಿ ಆರು ಜನ, ದತ್ತಾಂಶದ ಭಾಗ ನನ್ನದು" ಎಂದರೆ ಕೇಳಿದವರ ಕಣ್ಣಿಗೆ ಕೆಲಸ ಕಟ್ಟುತ್ತದೆ. ಈ ಎರಡು ವಾಕ್ಯವನ್ನು ಇಂಗ್ಲಿಷಿನಲ್ಲಿ, ನಿಮ್ಮದೇ ಮಾತಿನಲ್ಲಿ ಹೇಳಿ ರೂಢಿ ಮಾಡಿಕೊಳ್ಳಿ. ಕಂಪ್ಯೂಟರಿನ ಗಂಧವಿಲ್ಲದ ಮನೆಯ ಹಿರಿಯರೊಬ್ಬರಿಗೆ ಹೇಳಿ ನೋಡಿ. ಅವರಿಗೆ ಅರ್ಥವಾದರೆ ಸಾಕು. ಹಣ ತೆಗೆದುಕೊಂಡು ಅಣಕು ಸಂದರ್ಶನ ನಡೆಸುವವರ ಬಳಿ ಹೋಗುವ ಅಗತ್ಯ ನನಗಂತೂ ಕಾಣುವುದಿಲ್ಲ. ಅವರು ಕಲಿಸುವ ಉತ್ತರಗಳು ಒಂದೇ ಅಚ್ಚಿನವು, ಅದೇ ಉತ್ತರವನ್ನು ಅಧಿಕಾರಿ ಬೆಳಗ್ಗೆಯಿಂದ ಕೇಳಿರುತ್ತಾರೆ.

"ಪದವಿ ಮುಗಿದ ಮೇಲೆ ಏನು ಮಾಡಿದಿರಿ?" ಎಂಬುದು ಎಫ್-1 ಕಾಲವನ್ನು ತೂಗುವ ಪ್ರಶ್ನೆ. "ಮೇ ತಿಂಗಳಲ್ಲಿ ಪದವಿ, ಜುಲೈನಲ್ಲಿ ಒಪಿಟಿ, ಸೆಪ್ಟೆಂಬರಿನಿಂದ ಈ ಕಂಪನಿ, ಆಮೇಲೆ ಇಲ್ಲೇ ಎಚ್-1ಬಿ" ಎಂದು ಒಂದೇ ಉಸಿರಿಗೆ ಹೇಳಿ. ಬಿಡುವಿದ್ದರೆ ಮುಚ್ಚಿಡಬೇಡಿ, ಕೇಳುವ ಮೊದಲೇ ಸಮರ್ಥಿಸಿಕೊಳ್ಳಲೂ ಹೋಗಬೇಡಿ. "ಆ ಎರಡು ತಿಂಗಳು?" ಎಂದರೆ "ಕೆಲಸ ಹುಡುಕುತ್ತಿದ್ದೆ, 90 ದಿನದ ಮಿತಿಯೊಳಗಿತ್ತು" ಎನ್ನಿ.

"ಓದಿದ ನಂತರ ಮರಳುತ್ತೇನೆ ಎಂದಿದ್ದಿರಲ್ಲ?" ಎಂದು ಅಪರೂಪಕ್ಕೆ ಕೇಳುವುದುಂಟು. ತಡಬಡಿಸಬೇಕಿಲ್ಲ. ಆಗ ಇದ್ದ ಯೋಜನೆ ಅದು, ಕಾನೂನು ಕೊಟ್ಟ ಒಪಿಟಿಯಲ್ಲಿ ಕೆಲಸ ಮಾಡಿದೆ, ಕಂಪನಿ ನನ್ನನ್ನು ಮುಂದುವರಿಸಲು ಅರ್ಜಿ ಹಾಕಿತು. ನಿಜವೂ ಅದೇ.

ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ಕಂಪನಿಯಲ್ಲಿ ಒಟ್ಟು ಎಷ್ಟು ನೌಕರರು ಎಂಬುದು ಖಚಿತವಿಲ್ಲದಿದ್ದರೆ "ಸುಮಾರು" ಎಂದು ಸೇರಿಸಿದರೆ ಆಯಿತು.

ಹಂತ 9: ಆ ದಿನ

ಹಿಂದಿನ ದಿನವೇ ಊರು ಸೇರಿ. ಮೈಸೂರಿನಿಂದ ಬೆಳಗ್ಗೆ ಹೊರಡುವ ವಂದೇ ಭಾರತ್ ಚೆನ್ನೈ ಮುಟ್ಟುವುದು ಮಧ್ಯಾಹ್ನದ ಹೊತ್ತಿಗೆ, ಬೆಳಗಿನ ಸಂದರ್ಶನಕ್ಕೆ ಅದನ್ನು ನಂಬುವಂತಿಲ್ಲ. ಚೆನ್ನೈ ಕಾನ್ಸುಲೇಟ್ ಇರುವುದು ಅಣ್ಣಾ ಸಾಲೈಯ ಜೆಮಿನಿ ವೃತ್ತದಲ್ಲಿ. ಹೈದರಾಬಾದಿನದು 2023ರಿಂದ ನಾನಕ್‌ರಾಮ್‌ಗುಡದಲ್ಲಿ. ಮೊಬೈಲ್, ಸ್ಮಾರ್ಟ್ ವಾಚ್, ಪೆನ್‌ಡ್ರೈವ್ ಏನನ್ನೂ ಒಳಗೆ ಬಿಡುವುದಿಲ್ಲ. ಲಾಡ್ಜಿನಲ್ಲೇ ಬಿಡಿ, ಅಥವಾ ಜೊತೆಗೆ ಬಂದವರ ಕೈಗೆ ಕೊಡಿ. ಹಿಂದಿರುಗಲು ಬೇಕಾಗುವ ಫೋನ್ ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಬಟ್ಟೆಯ ಬಗ್ಗೆ ಹೆಚ್ಚು ಯೋಚನೆ ಬೇಡ. ಇಸ್ತ್ರಿ ಮಾಡಿದ ಅಂಗಿ ಸಾಕು, ಚೆನ್ನೈ ಸೆಕೆಯಲ್ಲಿ ಕೋಟು ಶಿಕ್ಷೆ.

ಹಂತ 10: ಚೀಟಿ ಕೊಟ್ಟರೆ

ವೀಸಾ ಮಂಜೂರಾದರೆ ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತಾರೆ. ಕೆಲವೊಮ್ಮೆ 221(ಜಿ) ಎಂದು ಬರೆದ ಚೀಟಿ ಕೊಡುತ್ತಾರೆ: ಇನ್ನೊಂದು ದಾಖಲೆ ಬೇಕು, ಅಥವಾ ಒಳಗಿನ ಪರಿಶೀಲನೆ ಬಾಕಿಯಿದೆ ಎಂದರ್ಥ. ಸೆಮಿಕಂಡಕ್ಟರ್, ಡ್ರೋನ್, ಕೃತಕ ಬುದ್ಧಿಮತ್ತೆಯಂತಹ ಸೂಕ್ಷ್ಮ ವಿಷಯಗಳಲ್ಲಿ ಸಂಶೋಧನೆ ಮಾಡಿದವರಿಗೆ ಇದು ಬರುವ ಸಂಭವ ಹೆಚ್ಚು. ಪ್ರಬಂಧಗಳ ಪಟ್ಟಿ ಮತ್ತು ಸರಳ ಭಾಷೆಯ ಒಂದು ಪುಟದ ಕೆಲಸದ ವಿವರಣೆಯನ್ನು ಅಂಥವರು ಮೊದಲೇ ಸಿದ್ಧವಿಟ್ಟಿರಲಿ.

ಜಾಲತಾಣದಲ್ಲಿ ಸ್ಥಿತಿ ನೋಡಿದಾಗ 'ನಿರಾಕರಿಸಲಾಗಿದೆ' ಎಂದು ಕಾಣುತ್ತದೆ. ಆ ಪದ ನೋಡಿ ರಾತ್ರಿಯಿಡೀ ಅತ್ತವರಿದ್ದಾರೆ. 221(ಜಿ)ಯಲ್ಲಿ ಬಾಕಿಯಿರುವ ಪ್ರಕರಣಗಳೂ ಅಲ್ಲಿ ಹಾಗೆಯೇ ಕಾಣುತ್ತವೆ, ಪರಿಶೀಲನೆ ಮುಗಿದ ಮೇಲೆ ಬದಲಾಗುತ್ತದೆ. ಕೇಳಿದ್ದನ್ನು ಚೀಟಿಯಲ್ಲಿ ಹೇಳಿದ ವಿಧಾನದಲ್ಲೇ, ಒಂದೇ ಸಲ ಪೂರ್ತಿಯಾಗಿ ಕಳುಹಿಸಿ. ಆ ಚೀಟಿಯ ಪ್ರತಿಯನ್ನು ಅದೇ ದಿನ ಕಂಪನಿಯ ವಕೀಲರಿಗೂ ಕಳುಹಿಸಿ. ಪಾಸ್‌ಪೋರ್ಟ್ ಕೈಗೆ ಬರುವ ತನಕ ವಾಪಸು ಟಿಕೆಟ್ ತೆಗೆಯಬೇಡಿ. ಮುಂದೆ ಡಿಎಸ್-160 ತುಂಬುವಾಗ ಈ 221(ಜಿ)ಯನ್ನೂ ನಿರಾಕರಣೆ ಎಂದೇ ತಿಳಿಸಿ, ಆಮೇಲೆ ಮಂಜೂರಾಯಿತು ಎಂದು ಪಕ್ಕದಲ್ಲೇ ಬರೆಯುವುದು ಸುರಕ್ಷಿತ.

ಮದುವೆಗೆಂದೇ ಬಂದವರಿಗೆ

ಮದುವೆಯಾಗಿ ಇಬ್ಬರೂ ಒಟ್ಟಿಗೆ ಸ್ಟ್ಯಾಂಪಿಂಗ್‌ಗೆ ಹೋಗುವುದು ಸಾಮಾನ್ಯ. ಸಂಗಾತಿಗೆ ಬೇಕಿರುವುದು ಎಚ್-4, ಅದಕ್ಕೆ ಬೇಕಿರುವುದು ವಿವಾಹ ನೋಂದಣಿ ಪ್ರಮಾಣಪತ್ರ. ಕಲ್ಯಾಣ ಮಂಟಪದ ರಸೀದಿಯಾಗಲಿ ಲಗ್ನಪತ್ರಿಕೆಯಾಗಲಿ ಅದರ ಬದಲಿಗೆ ನಡೆಯುವುದಿಲ್ಲ. ಆರತಕ್ಷತೆ ಮುಗಿದ ಕೂಡಲೇ ಉಪನೋಂದಣಾಧಿಕಾರಿ ಕಚೇರಿಯ ಕೆಲಸ ಮುಗಿಸಿ. ಇಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಪ್ರಮಾಣಪತ್ರದಲ್ಲಿ ಬರಲಿ. ಹೊಸದಾಗಿ ಮದುವೆಯಾದವರನ್ನು ಹೇಗೆ ಪರಿಚಯ, ಯಾವಾಗ ನಿಶ್ಚಿತಾರ್ಥ, ಮದುವೆಗೆ ಎಷ್ಟು ಜನ ಬಂದಿದ್ದರು ಎಂದು ಕೇಳಬಹುದು. ನಾಲ್ಕಾರು ಫೋಟೊ ಇಟ್ಟುಕೊಳ್ಳಿ, ಆಲ್ಬಮ್ ಬೇಡ.

ಹಂತ 11: ಪಾಸ್‌ಪೋರ್ಟ್ ಬಂದ ಮೇಲೆ

ಲಕೋಟೆ ತೆರೆದ ತಕ್ಷಣ ವೀಸಾದಲ್ಲಿರುವ ಹೆಸರು, ಹುಟ್ಟಿದ ದಿನ, ವೀಸಾ ವರ್ಗ, ಕಂಪನಿಯ ಹೆಸರು, ಅರ್ಜಿಯ ಅವಧಿ ಎಲ್ಲವನ್ನೂ ಐ-797 ಜೊತೆ ತಾಳೆ ನೋಡಿ. ತಪ್ಪಿದ್ದರೆ ಹೊರಡುವ ಮೊದಲೇ ಕಾನ್ಸುಲೇಟಿಗೆ ತಿಳಿಸಿ. ಪ್ರಯಾಣದಲ್ಲಿ ಐ-797 ಮತ್ತು ಹೊಸ ಸಂಬಳದ ಚೀಟಿಗಳು ಕೈಚೀಲದಲ್ಲಿರಲಿ, ಲಗೇಜಿನಲ್ಲಿ ಅಲ್ಲ. ವಿಮಾನ ನಿಲ್ದಾಣದ ಅಧಿಕಾರಿಯೂ ಕೆಲವು ಪ್ರಶ್ನೆ ಕೇಳಬಹುದು, ಉತ್ತರಗಳು ಅವೇ.

ಮನೆ ಸೇರಿದ ದಿನವೇ ಗಡಿ ಇಲಾಖೆಯ ಜಾಲತಾಣದಲ್ಲಿ ಹೊಸ ಐ-94 ತೆಗೆದು ನೋಡಿ. ಅರ್ಜಿಯ ಅವಧಿ 2027ರವರೆಗಿದ್ದರೂ ಪಾಸ್‌ಪೋರ್ಟ್ 2026ಕ್ಕೆ ಮುಗಿಯುವುದಾದರೆ ಐ-94 ಅನ್ನು ಸಾಮಾನ್ಯವಾಗಿ 2026ಕ್ಕೇ ಕೊಡುತ್ತಾರೆ. ನೀವು ಅಲ್ಲಿರಬಹುದಾದದ್ದು ಆ ದಿನಾಂಕದವರೆಗೆ ಮಾತ್ರ, ವೀಸಾದ ಮೇಲೆ ಏನೇ ಬರೆದಿರಲಿ. ಪಾಸ್‌ಪೋರ್ಟನ್ನು ಮೊದಲೇ ನವೀಕರಿಸಿ ಎಂದದ್ದು ಇದಕ್ಕೇ. ದಿನಾಂಕ ಮೊಟಕಾಗಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದೇ ವಾರ ಕಂಪನಿಯ ವಕೀಲರಿಗೆ ಪ್ರತಿ ಕಳುಹಿಸಿ.